ತ್ರಿಯೆಸ್ತೆಯ ಸ್ಟೇಷನ್ ಚೌಕದಲ್ಲಿ ಒಂದು ವಾರ

ಭಾನುವಾರ

ವೆನಿಸ್‌ನಿಂದ ತ್ರಿಯೆಸ್ತೆಗೆ ರೈಲಿನಲ್ಲಿ ಸುಮಾರು ಎರಡು ಗಂಟೆ ದಾರಿ. ಕೊನೆಯ ಭಾಗದಲ್ಲಿ ರೈಲು ಸುಣ್ಣಕಲ್ಲಿನ ಗುಡ್ಡದ ಅಂಚಿನಲ್ಲೇ ಸಾಗುತ್ತದೆ. ಬಲಗಡೆ ಕೆಳಗೆ ಆಡ್ರಿಯಾಟಿಕ್ ಸಮುದ್ರ, ಎಡಗಡೆ ಗುಡ್ಡದಾಚೆ ಸ್ಲೊವೇನಿಯಾ. ಊರಿನ ನಡುವಿನಿಂದ ಗಡಿ ಹತ್ತು ಕಿಲೋಮೀಟರ್ ಕೂಡ ಇಲ್ಲ.

ಇಟಲಿಯ ಈಶಾನ್ಯ ಮೂಲೆಯ ಈ ಊರು ಒಂದು ಕಾಲಕ್ಕೆ ಆಸ್ಟ್ರಿಯಾ ಸಾಮ್ರಾಜ್ಯದ ದೊಡ್ಡ ಬಂದರು. ಎರಡನೇ ಮಹಾಯುದ್ಧ ಮುಗಿದ ಮೇಲೆ, 1947ರಿಂದ 1954ರವರೆಗೆ, ಇಟಲಿಗೂ ಸೇರದೆ ಯುಗೊಸ್ಲಾವಿಯಕ್ಕೂ ಸೇರದೆ ಬೇರೆಯಾಗಿಯೇ ಇತ್ತು. ಈಗ ಸುಮಾರು 2 ಲಕ್ಷ ಜನ ಇದ್ದಾರೆ. ಭೌತಶಾಸ್ತ್ರ ಓದಿದವರಿಗೆ ಮಾತ್ರ ಇದು ಭೌತವಿಜ್ಞಾನಿ ಅಬ್ದುಸ್ ಸಲಾಂ ಅವರ ಊರು. ಅವರು 1964ರಲ್ಲಿ ಇಲ್ಲಿ ಕಟ್ಟಿದ ಭೌತಶಾಸ್ತ್ರದ ಸಂಸ್ಥೆಗೆ ನಮ್ಮ ದೇಶದಿಂದ ಪ್ರತಿ ವರ್ಷ ಜನ ಬರುತ್ತಲೇ ಇರುತ್ತಾರೆ. ಕಲಬುರಗಿಯ ಕಾಲೇಜಿನಲ್ಲಿ ಪಾಠ ಮಾಡುವ ನನಗೂ 2024ರ ಅಕ್ಟೋಬರ್‌ನಲ್ಲಿ ಅಲ್ಲೊಂದು ಕಾರ್ಯಾಗಾರಕ್ಕೆ ಕರೆ ಬಂದಿತ್ತು.

ಸ್ಟೇಷನ್ನಿನಿಂದ ಹೊರಗೆ ಬಂದರೆ ಎದುರಿಗೇ ದೊಡ್ಡ ಮರಗಳಿರುವ ಒಂದು ಚೌಕ. ಹೆಸರು ಪಿಯಾತ್ಸಾ ದೆಲ್ಲಾ ಲಿಬೆರ್ತಾ. ಆಸ್ಟ್ರಿಯಾದ ರಾಣಿ ಎಲಿಜಬೆತ್ ಪ್ರತಿಮೆ ಅಲ್ಲಿದೆ. ಪ್ರತಿಮೆಯ ಹತ್ತಿರದ ಬೆಂಚುಗಳ ಮೇಲೆ ಹದಿನೆಂಟು, ಇಪ್ಪತ್ತು ವಯಸ್ಸಿನ ಹುಡುಗರು ಕೂತಿದ್ದರು. ಒಬ್ಬ ಇನ್ನೊಬ್ಬನನ್ನು ಉರ್ದುವಿನಲ್ಲಿ ಫೋನ್ ಚಾರ್ಜರ್ ಕೇಳುತ್ತಿದ್ದ. ಯುರೋಪಿನ ನೆಲದಲ್ಲಿ ನನ್ನ ಕಿವಿಗೆ ಬಿದ್ದ ಮೊದಲ ಗುರುತಿನ ಮಾತು ಅದು. ಆ ಹುಡುಗನ ಕಾಲಲ್ಲಿ ಹವಾಯಿ ಚಪ್ಪಲಿ ಇತ್ತು. ಹೊರಗೆ ಹನ್ನೆರಡು ಡಿಗ್ರಿ ಚಳಿ.

ಸೋಮವಾರ

ಸಂಸ್ಥೆ ಇರುವುದು ಊರಿಂದ ಆಚೆ, ಮಿರಮಾರೆ ಅರಮನೆಯ ಪಕ್ಕ. ಸಲಾಂ ಹುಟ್ಟಿದ್ದು ಈಗಿನ ಪಾಕಿಸ್ತಾನದ ಪಂಜಾಬಿನಲ್ಲಿ. ಬಡ ದೇಶದ ವಿಜ್ಞಾನಿ ತನ್ನ ಊರಲ್ಲಿ ಒಂಟಿಯಾಗಿ ಕೊಳೆಯಬಾರದು, ಹಾಗಂತ ಊರನ್ನೇ ಬಿಟ್ಟು ಹೋಗಲೂಬಾರದು ಅನ್ನುವುದು ಅವರ ಆಸೆ. ಅದಕ್ಕೇ ಇಲ್ಲಿಗೆ ಬಂದು ಕೆಲಸ ಮಾಡಿ, ಮತ್ತೆ ವಾಪಸ್ ಹೋಗುವ ವ್ಯವಸ್ಥೆ ಮಾಡಿದರು. ಅಹ್ಮದಿಯಾ ಪಂಗಡದವರನ್ನು 1974ರಲ್ಲಿ ಪಾಕಿಸ್ತಾನ ಮುಸ್ಲಿಮರೇ ಅಲ್ಲ ಎಂದು ಘೋಷಿಸಿದಾಗ, ಅದೇ ಪಂಗಡದ ಸಲಾಂ ಪ್ರತಿಭಟಿಸಿ ಅಲ್ಲಿನ ಸರ್ಕಾರದ ವಿಜ್ಞಾನ ಸಲಹೆಗಾರನ ಹುದ್ದೆ ಬಿಟ್ಟರು. ಐದು ವರ್ಷಕ್ಕೆ ನೊಬೆಲ್ ಬಂತು. ಸಭಾಂಗಣದಲ್ಲಿ ಕೂತು ಪಾಠ ಕೇಳುವಾಗ ನನಗೆ ಆ ಚಪ್ಪಲಿ ಹುಡುಗನೇ ಕಣ್ಣ ಮುಂದೆ ಬರುತ್ತಿದ್ದ.

ಸಂಜೆ ಬಸ್ ಇಳಿದು ಚೌಕಕ್ಕೆ ಹೋದೆ. ಕತ್ತಲಾಗುವ ಹೊತ್ತಿಗೆ ಒಂದು ಹಸಿರು ಕೈಗಾಡಿ ತಳ್ಳಿಕೊಂಡು ನಾಲ್ಕೈದು ಜನ ಬಂದರು. ಹೆಚ್ಚಿನವರು ನಿವೃತ್ತರು, ಜೊತೆಗೆ ಒಂದಿಬ್ಬರು ಕಾಲೇಜು ಹುಡುಗಿಯರು. ಇವರದು ಲಿನೆಯಾ ದೊಂಬ್ರಾ ಅನ್ನುವ ಸಂಘ. ಲೊರೆನಾ ಫೊರ್ನಾಸಿರ್ ಎಂಬ ಮನೋಚಿಕಿತ್ಸಕಿ ಮತ್ತು ಅವರ ಗಂಡ, ನಿವೃತ್ತ ತತ್ವಶಾಸ್ತ್ರದ ಮೇಷ್ಟ್ರು ಜಾನ್ ಆಂದ್ರೆಯಾ ಫ್ರಾಂಕಿ 2019ರಲ್ಲಿ ಶುರು ಮಾಡಿದ್ದು. ಮೇಷ್ಟ್ರಿಗೆ ಈಗ ಎಂಬತ್ತು ದಾಟಿದೆ. 2021ರ ಫೆಬ್ರವರಿಯಲ್ಲಿ ಒಂದು ದಿನ ಬೆಳಗಿನ ಜಾವ ಈ ದಂಪತಿಯ ಮನೆಗೆ ಪೊಲೀಸರು ಬಂದು ಶೋಧ ನಡೆಸಿದ್ದರು. ಅಕ್ರಮ ವಲಸೆಗೆ ಸಹಾಯ ಮಾಡುತ್ತಿದ್ದಾರೆ ಅನ್ನೋ ಆರೋಪ. ಅದೇ ವರ್ಷದ ಕೊನೆಗೆ ಪ್ರಕರಣ ಕೈಬಿಡಲಾಯಿತು. ಅವರು ಚೌಕದ ಕೆಲಸ ಮಾತ್ರ ಬಿಡಲಿಲ್ಲ.

ಕೆಲಸ ಅಂದರೆ, ಆಶ್ರಯ ಹುಡುಕಿಕೊಂಡು ಕಾಡುದಾರಿಯಲ್ಲಿ ಗಡಿ ದಾಟಿ ನಡೆದು ಬಂದ ಹುಡುಗರ ಕಾಲು ನೋಡುವುದು. ಬೆಂಚಿನ ಮೇಲೆ ಹುಡುಗ ಕೂರುತ್ತಾನೆ. ಸ್ವಯಂಸೇವಕಿ ಅವನೆದುರು ನೆಲದಲ್ಲಿ ಕೂತು ಅವನ ಕಾಲನ್ನು ತನ್ನ ತೊಡೆಯ ಮೇಲೆ ಇಟ್ಟುಕೊಳ್ಳುತ್ತಾಳೆ. ಒದ್ದೆ ಸಾಕ್ಸ್ ಚರ್ಮಕ್ಕೆ ಅಂಟಿಕೊಂಡಿರುತ್ತದೆ. ಅದನ್ನು ಎಳೆಯಬಾರದು, ಉಗುರುಬಿಸಿ ನೀರು ಹಾಕಿ ನಿಧಾನಕ್ಕೆ ಬಿಡಿಸಬೇಕು. ಆಮೇಲೆ ಟಾರ್ಚ್ ಹಿಡಿದು ಮುಳ್ಳು ಹುಡುಕುವುದು, ಗುಳ್ಳೆ ಒಡೆದ ಕಡೆ ಔಷಧಿ ಹಚ್ಚುವುದು, ಬ್ಯಾಂಡೇಜು, ಕೊನೆಗೆ ಒಣ ಸಾಕ್ಸು. ನಾನು ನೋಡಿದ ಮೊದಲ ಪಾದದ ಹಿಮ್ಮಡಿ ಬೇಸಿಗೆಯ ಕೆರೆ ಅಂಗಳದ ಹಾಗೆ ಬಿರಿದಿತ್ತು. ಬೆರಳ ಸಂದಿಯ ಚರ್ಮ ನೆನೆದು ಬಿಳಿಚಿಕೊಂಡು ಸುಲಿದಿತ್ತು. ಆ ಹುಡುಗ ನೋವಿಗೆ ಬಾಯಿ ಬಿಡಲಿಲ್ಲ. ಅಷ್ಟು ಹಿರಿಯ ಹೆಂಗಸು ತನ್ನ ಕಾಲು ಮುಟ್ಟುತ್ತಿದ್ದಾರಲ್ಲ ಅಂತ ನಾಚಿ ಮುಖ ಆ ಕಡೆ ತಿರುಗಿಸಿಕೊಂಡಿದ್ದ.

ನಾನು ಪಕ್ಕದಲ್ಲಿ ನಿಂತಿದ್ದೆ. ಅವರಿಗೆ ಇಂಗ್ಲಿಷ್ ಅಷ್ಟಕ್ಕಷ್ಟೇ, ಹುಡುಗನಿಗೆ ಇಟಾಲಿಯನ್ ಬರೋದಿಲ್ಲ. ಎಲ್ಲಿ ನೋವು, ಜ್ವರ ಇದೆಯಾ, ಟೆಟನಸ್ ಚುಚ್ಚುಮದ್ದು ಆಗಿದೆಯಾ ಅಂತ ನನ್ನ ಕಲಬುರಗಿ ಉರ್ದುವಿನಲ್ಲೇ ಕೇಳಿದೆ. ಅವನು ಥಟ್ಟನೆ ತಿರುಗಿ, "ಬಾಜಿ, ನೀವು ಹೈದರಾಬಾದಿನವರಾ?" ಅಂದ. ಬಾಜಿ ಅಂದರೆ ಉರ್ದುವಿನಲ್ಲಿ ಅಕ್ಕ. ಅಲ್ಲಪ್ಪ, ಅಲ್ಲೇ ಹತ್ತಿರ ಅಂದೆ. ಆ ರಾತ್ರಿ ಹತ್ತರವರೆಗೆ ನಾನು ಅಲ್ಲಿಂದ ಕದಲಲಿಲ್ಲ.

ಮಂಗಳವಾರ

ಆ ಹುಡುಗನ ಕತೆಯನ್ನು ಅವನ ಗುರುತು ಸಿಗದಷ್ಟು ಮಾತ್ರ ಬರೆಯುತ್ತೇನೆ. ಆಫ್ಘನ್ ಕುಟುಂಬ, ಬೆಳೆದದ್ದು ಪಾಕಿಸ್ತಾನದಲ್ಲಿ. 2023ರ ಅಕ್ಟೋಬರ್‌ನಲ್ಲಿ ಪಾಕಿಸ್ತಾನ ಸರ್ಕಾರ, ದಾಖಲೆ ಇಲ್ಲದ ವಿದೇಶಿಯರೆಲ್ಲ ನವೆಂಬರ್ 1ರೊಳಗೆ ಜಾಗ ಖಾಲಿ ಮಾಡಬೇಕು ಅಂದಿತು. ಆ ಆದೇಶದ ಪೆಟ್ಟು ಬಿದ್ದದ್ದು ಹೆಚ್ಚಾಗಿ ಆಫ್ಘನ್ನರಿಗೆ. ಇವನು ನೋಡೇ ಇರದ ದೇಶಕ್ಕೆ ವಾಪಸ್ ಹೋಗಬೇಕು, ಅಲ್ಲಿ ತಾಲಿಬಾನ್. ಅಣ್ಣ ಹಿಂದೆ ಅಲ್ಲಿನ ಪೊಲೀಸಿನಲ್ಲಿ ಇದ್ದವನು. ಮನೆಯವರು ಇದ್ದಬದ್ದದ್ದು ಮಾರಿ ಇವನನ್ನು ಕಳಿಸಿದರು. ಇರಾನ್, ಟರ್ಕಿ, ಬಲ್ಗೇರಿಯಾ, ಸರ್ಬಿಯಾ, ಬೋಸ್ನಿಯಾ, ಕ್ರೊಯೇಷಿಯಾ, ಸ್ಲೊವೇನಿಯಾ. ಈ ದಾರಿಯಲ್ಲಿ ಗಡಿ ದಾಟುವ ಒಂದೊಂದು ಪ್ರಯತ್ನಕ್ಕೂ ಎಲ್ಲರೂ "ಗೇಮ್" ಅಂತಾರೆ. ಬೋಸ್ನಿಯಾದ ಬಿಹಾಚ್ ಊರಿನಿಂದ ತ್ರಿಯೆಸ್ತೆವರೆಗೆ ಗೇಮ್ ಪೂರಾ ಕಾಡಿನಲ್ಲಿ, ಹೆಚ್ಚಾಗಿ ರಾತ್ರಿ ಹೊತ್ತು, ಕಾಲ್ನಡಿಗೆಯಲ್ಲಿ.

ಇಲ್ಲಿ ಬಂದಮೇಲೆ ಏನು? ಕಾನೂನು ಸ್ಪಷ್ಟವಾಗಿದೆ. ಇಟಲಿಯ ಸಂವಿಧಾನದ 10ನೇ ವಿಧಿಯೇ ಆಶ್ರಯದ ಹಕ್ಕು ಕೊಡುತ್ತದೆ. 2015ರ 142ನೇ ಶಾಸನದ ಪ್ರಕಾರ ಒಬ್ಬ ಮನುಷ್ಯ ಆಶ್ರಯ ಬೇಕು ಅಂತ ಹೇಳಿದ ಕ್ಷಣದಿಂದಲೇ ಕೈಯಲ್ಲಿ ದುಡ್ಡಿಲ್ಲದ ಅವನಿಗೆ ಊಟ, ಸೂರು ಕೊಡಬೇಕು. ಅರ್ಜಿ ಪಡೆಯುವುದು ಪೊಲೀಸರು. ಬೆರಳಚ್ಚು ತೆಗೆದು ಯುರೋಪಿನ ಯುರೊಡ್ಯಾಕ್ ದಾಖಲೆಗೆ ಸೇರಿಸುತ್ತಾರೆ. ಆಗಿನ ಡಬ್ಲಿನ್ ನಿಯಮದ ಪ್ರಕಾರ ಮೊದಲು ಯಾವ ದೇಶದಲ್ಲಿ ಬೆರಳಚ್ಚು ಬಿದ್ದಿದೆಯೋ ಆ ದೇಶವೇ ಅರ್ಜಿ ನೋಡಬೇಕಾಗಬಹುದಿತ್ತು. ಹಾಗಾಗಿ ಬಲ್ಗೇರಿಯಾದಲ್ಲಿ ಬಲವಂತವಾಗಿ ಬೆರಳು ಒತ್ತಿಸಿಕೊಂಡವನಿಗೆ ಇಲ್ಲೂ ನಿದ್ದೆ ಬರೋದಿಲ್ಲ. ಆಮೇಲೆ ಒಂದು ಆಯೋಗದ ಮುಂದೆ ಕೂತು ತನ್ನ ಕತೆ ಹೇಳಬೇಕು. ಅರ್ಜಿ ಹಾಕಿ 60 ದಿನ ಕಳೆದರೆ ಕೆಲಸ ಮಾಡುವ ಹಕ್ಕು ಬರುತ್ತದೆ.

ಕಾಗದದ ಮೇಲೆ ಇಷ್ಟು ನೇರ. ಹುಡುಗ ಜೇಬಿನಿಂದ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿದ ಒಂದು ಚೀಟಿ ತೆಗೆದು ತೋರಿಸಿದ. ಮತ್ತೆ ಬರಬೇಕಾದ ದಿನಾಂಕ ಅದರಲ್ಲಿತ್ತು. ಮಡಿಚಿ ಮಡಿಚಿ ಚೀಟಿಯ ಮೂಲೆ ಹರಿದಿತ್ತು, ಅಂಕಿ ಮಾಸಿಹೋಗುತ್ತದೆ ಅಂತ ಅವನಿಗೆ ಹೆದರಿಕೆ. ನಾನು ಫೋನಿನಲ್ಲಿ ಅದರ ಫೋಟೋ ತೆಗೆದು ಅವನಿಗೇ ಕಳಿಸಿದೆ. ಆ ದಿನಾಂಕದವರೆಗೆ ಎಲ್ಲಿ ಮಲಗೋದು ಅಂತ ಚೀಟಿಯಲ್ಲಿ ಬರೆದಿರಲಿಲ್ಲ.

ಆಶ್ರಯ ಕೇಳಿದ ದಿನಕ್ಕೂ ಹಾಸಿಗೆ ಸಿಗುವ ದಿನಕ್ಕೂ ನಡುವಿನ ಈ ಬಿರುಕು ಇದೆಯಲ್ಲ, ತ್ರಿಯೆಸ್ತೆಯ ಕಷ್ಟ ಇರೋದೆಲ್ಲ ಅಲ್ಲೇ ಅಂತ ನನಗೆ ಅನ್ನಿಸುತ್ತದೆ. ಗಡಿ ಊರಿಗೆ ಹೊಸಬರು ಬರುತ್ತಲೇ ಇರುತ್ತಾರೆ. ಬಂದವರನ್ನು ದೇಶದ ಬೇರೆ ಪ್ರಾಂತ್ಯಗಳಿಗೆ ಬೇಗ ಕಳಿಸಿದರೆ ಇಲ್ಲಿನ ಹಾಸಿಗೆ ಖಾಲಿಯಾಗುತ್ತದೆ. ಕಳಿಸುವುದು ತಡವಾದರೆ ಸಾಲು ಬೆಳೆಯುತ್ತದೆ. 2023ರಲ್ಲಿ ಈ ಊರಿಗೆ 16 ಸಾವಿರಕ್ಕೂ ಜಾಸ್ತಿ ಜನ ಬಂದರು. ದೊಡ್ಡ ಸಂಖ್ಯೆ ಅನ್ನಿಸುತ್ತೆ ಅಲ್ವಾ? ದಿನದ ಲೆಕ್ಕಕ್ಕೆ ಭಾಗಿಸಿ ನೋಡಿ, ಸರಾಸರಿ 44 ಜನ. ಅದರಲ್ಲೂ ಬಹಳಷ್ಟು ಜನ ಒಂದೆರಡು ದಿನದಲ್ಲೇ ಜರ್ಮನಿ, ಫ್ರಾನ್ಸ್ ಕಡೆಗೆ ಹೊರಟುಬಿಡುತ್ತಾರೆ. ಅಷ್ಟು ಜನರಿಗೆ ಸೂರು ಕೊಡಲಾರದಷ್ಟು ಬಡ ದೇಶ ಅಲ್ಲ ಇಟಲಿ.

ಬುಧವಾರ

ಮಧ್ಯಾಹ್ನ ಕಾರ್ಯಾಗಾರಕ್ಕೆ ರಜೆ. ಚೌಕದ ಸ್ವಯಂಸೇವಕಿಯೊಬ್ಬರು ರೊಸಾಂದ್ರಾ ಕಣಿವೆಗೆ ಕರೆದುಕೊಂಡು ಹೋದರು. ಊರಿನವರು ಭಾನುವಾರ ವಾಕಿಂಗ್ ಹೋಗುವ ಚೆಂದದ ಜಾಗ ಅದು. ಬಿಳಿ ಬಂಡೆ, ಕೆಳಗೆ ತೆಳ್ಳನೆ ಹೊಳೆ, ಕೆಂಪಾಗುತ್ತಿರುವ ಪೊದೆಗಳು. ಬೊತ್ತಾಝೊ ಅನ್ನುವ ಪುಟ್ಟ ಹಟ್ಟಿಯ ಹತ್ತಿರ ಸ್ಲೊವೇನಿಯಾ ಶುರುವಾಗುತ್ತದೆ. ಬೇಲಿ ಗೀಲಿ ಏನೂ ಇಲ್ಲ.

ದಾರಿಯಿಂದ ನಾಲ್ಕು ಹೆಜ್ಜೆ ಒಳಗೆ ಹೋದರೆ ಮರದ ಬುಡದಲ್ಲಿ ಬಟ್ಟೆಗಳು ಬಿದ್ದಿರುತ್ತವೆ. ಕೆಸರು ಮೆತ್ತಿದ ಪ್ಯಾಂಟು, ಹರಿದ ಬ್ಯಾಗು, ಒಂಟಿ ಶೂ, ಮಾತ್ರೆಯ ಖಾಲಿ ಶೀಟು, ಮಳೆಗೆ ನೆಂದ ಕಾಗದ. ಊರೊಳಗೆ ಹೋದಾಗ ಕಾಡಿನಿಂದ ಬಂದವರ ಹಾಗೆ ಕಾಣಬಾರದು ಅಂತ ಹುಡುಗರು ಇಲ್ಲೇ ಬಟ್ಟೆ ಬದಲಿಸಿಕೊಳ್ಳುತ್ತಾರೆ. ಅಂಗಿಯೊಂದನ್ನು ಬಂಡೆಯ ಮೇಲೆ ಅಚ್ಚುಕಟ್ಟಾಗಿ ಮಡಿಚಿ ಇಟ್ಟಿದ್ದರು. ಮನೆಯಲ್ಲಿ ಯಾರೋ ಕಲಿಸಿದ ಅಭ್ಯಾಸ.

ಕ್ರೊಯೇಷಿಯಾ 2023ರ ಜನವರಿಯಲ್ಲಿ, ಒಳಗಿನ ಗಡಿಗಳಲ್ಲಿ ಮಾಮೂಲಿ ತಪಾಸಣೆ ಇಲ್ಲದ ಷೆಂಗೆನ್ ಒಕ್ಕೂಟ ಸೇರಿತು. ಆಮೇಲೆ ಸ್ಲೊವೇನಿಯಾ ದಾಟುವುದು ಸ್ವಲ್ಪ ಸಲೀಸಾಯಿತು. ಅದೇ ವರ್ಷ ಅಕ್ಟೋಬರ್ 21ರಿಂದ ಇಟಲಿ ಸ್ಲೊವೇನಿಯಾ ಗಡಿಯಲ್ಲಿ ಮತ್ತೆ ತಪಾಸಣೆ ಶುರು ಮಾಡಿತು. ಅದಕ್ಕೂ ಮೊದಲು, 2020ರಲ್ಲಿ, ಇಲ್ಲಿಗೆ ತಲುಪಿದವರನ್ನು ಕೂಡಲೇ ಸ್ಲೊವೇನಿಯಾಕ್ಕೆ ಒಪ್ಪಿಸುತ್ತಿದ್ದರು. ಅಲ್ಲಿಂದ ಕ್ರೊಯೇಷಿಯಾ, ಅಲ್ಲಿಂದ ಬೋಸ್ನಿಯಾ. ಆಶ್ರಯ ಕೇಳಿದವನ ಮಾತನ್ನು ಯಾರೂ ಕಿವಿಗೆ ಹಾಕಿಕೊಳ್ಳುತ್ತಿರಲಿಲ್ಲ. ಇದು ಕಾನೂನುಬಾಹಿರ ಅಂತ ರೋಮ್‌ನ ನ್ಯಾಯಾಲಯ 2021ರ ಜನವರಿಯಲ್ಲಿ ತೀರ್ಪು ಕೊಟ್ಟಿತು.

ಕ್ರೊಯೇಷಿಯಾದ ಪೊಲೀಸರ ಬಗ್ಗೆ ಚೌಕದಲ್ಲಿ ಎಲ್ಲರದೂ ಒಂದೇ ಮಾತು: ಫೋನ್ ಒಡೆಯುತ್ತಾರೆ, ಶೂ ಕಿತ್ಕೊಳ್ಳುತ್ತಾರೆ, ವಾಪಸ್ ಅಟ್ಟುತ್ತಾರೆ. 2017ರ ನವೆಂಬರ್ ರಾತ್ರಿಯೊಂದು ಆಫ್ಘನ್ ಕುಟುಂಬವೊಂದನ್ನು ರೈಲು ಹಳಿಯ ಉದ್ದಕ್ಕೂ ಸರ್ಬಿಯಾ ಕಡೆ ನಡೆಯಿರಿ ಅಂತ ಅಟ್ಟಿದ್ದರು. ಆರು ವರ್ಷದ ಹುಡುಗಿ ರೈಲಿಗೆ ಸಿಕ್ಕಿ ಸತ್ತಳು. 2021ರಲ್ಲಿ ಯುರೋಪಿನ ಮಾನವ ಹಕ್ಕು ನ್ಯಾಯಾಲಯ ಕ್ರೊಯೇಷಿಯಾದ್ದೇ ತಪ್ಪು ಅಂದಿತು. ಬೋಸ್ನಿಯಾದಿಂದ ಇಲ್ಲಿಯವರೆಗೆ ಹುಡುಗರು ಬರಿಗಾಲಲ್ಲಿ, ಚಪ್ಪಲಿಯಲ್ಲಿ ಯಾಕೆ ಬರುತ್ತಾರೆ ಅಂತ ಭಾನುವಾರ ನನಗೆ ಹೊಳೆದಿರಲಿಲ್ಲ.

ಗುರುವಾರ

ಬೋರಾ ಬೀಸಿತು. ಕಾರ್ಸೊ ಗುಡ್ಡದಿಂದ ಸಮುದ್ರದ ಕಡೆಗೆ ಇಳಿಯುವ ಈ ಊರಿನ ಗಾಳಿ, ಜೋರಾದಾಗ ಗಂಟೆಗೆ ನೂರು ಕಿಲೋಮೀಟರ್ ದಾಟುತ್ತದೆ. ಅಂದು ಅಷ್ಟೇನೂ ಇರಲಿಲ್ಲ, ಆದರೂ ಕೊಡೆ ನಿಲ್ಲಲಿಲ್ಲ. ಜೊತೆಗೆ ಮಳೆ. ಚೌಕದಲ್ಲಿ ಬ್ಯಾಂಡೇಜು ಹಾರಿಹೋಗದಂತೆ ಹಿಡಿಯುವುದಕ್ಕೇ ಒಬ್ಬರು ಬೇಕಾಯಿತು. ಮಲಗುವ ಚೀಲಗಳು ಬೇಗ ಮುಗಿದವು, ಇನ್ನೂ ಕೈ ಚಾಚಿದವರು ಇದ್ದರು. ಈ ಗಾಳಿಗೆ ಹಳೇ ಬಂದರಿನ ಒಡೆದ ಗೋದಾಮುಗಳಲ್ಲಿ ಮಲಗುತ್ತಾರೆ, ಅಲ್ಲಿಂದ ಎಬ್ಬಿಸಿದರೆ ಇನ್ನೆಲ್ಲೋ.

ಹಗಲು ಹೊತ್ತಿಗೆ ಸ್ಟೇಷನ್ ಹತ್ತಿರದ ಬೀದಿಯಲ್ಲೊಂದು ಕೇಂದ್ರ ಇದೆ. ಅಲ್ಲಿ ಚಹಾ ಸಿಗುತ್ತದೆ, ಸ್ನಾನ ಮಾಡಬಹುದು, ಫೋನ್ ಚಾರ್ಜ್ ಮಾಡಬಹುದು, ಕಾನೂನು ಸಲಹೆ ಕೇಳಬಹುದು.

ಶುಕ್ರವಾರ

ವಾರದಲ್ಲಿ ನನಗೆ ಅತಿ ಖುಷಿ ಕೊಟ್ಟ ಸಂಜೆ ಇದು. ಹಳೇ ವಾಸದ ಕಟ್ಟಡವೊಂದರ ಮೂರನೇ ಮಹಡಿ, ಲಿಫ್ಟ್ ಇಲ್ಲ. ಎರಡು ಮಲಗುವ ಕೋಣೆಯ ಮನೆಯಲ್ಲಿ ನಾಲ್ಕು ಹುಡುಗರು. ಅರ್ಜಿ ದಾಖಲಾಗಿ, ಹಾಸಿಗೆ ಸಿಕ್ಕವರು. ಅಡುಗೆಮನೆಯಲ್ಲಿ ಒಬ್ಬ ಗಾಜಿನ ಬಾಟಲಿಯಲ್ಲಿ ರೊಟ್ಟಿ ಲಟ್ಟಿಸುತ್ತಿದ್ದ. ಲಟ್ಟಣಿಗೆ ತಗೊಳ್ಳೋಕೆ ದುಡ್ಡಿಲ್ವಾ ಅಂದೆ. "ಇದೆ ಬಾಜಿ, ಬಾಟಲಿ ರೂಢಿಯಾಗಿಬಿಟ್ಟಿದೆ" ಅಂದ. ಕೆಂಪು ಬೇಳೆ ಕುದಿಯುತ್ತಿತ್ತು, ಜೀರಿಗೆ ಒಗ್ಗರಣೆಯ ವಾಸನೆ ಮೆಟ್ಟಿಲವರೆಗೆ ಬಂದಿತ್ತು. ಫ್ರಿಜ್ ಮೇಲೆ ಯಾರು ಯಾವತ್ತು ಪಾತ್ರೆ ತೊಳೆಯಬೇಕು ಅನ್ನೋ ಪಟ್ಟಿ, ಅದರ ಪಕ್ಕ ಇಟಾಲಿಯನ್ ಕ್ರಿಯಾಪದಗಳ ಪಟ್ಟಿ. ಎದುರು ಮನೆಯ ಅಜ್ಜಿ ಬಾಗಿಲು ತಟ್ಟಿ, ಕಸ ಹಾಕೋಕೆ ಇವತ್ತು ಕಾಗದದ ದಿನ ಅಂತ ನೆನಪಿಸಿ ಹೋದರು.

ಇದಕ್ಕೆ ಇಲ್ಲಿ ಚದುರಿದ ಆಶ್ರಯ ಅಂತಾರೆ. ನೂರಾರು ಜನರನ್ನು ಒಂದೇ ಶೆಡ್ಡಿನಲ್ಲಿ ತುಂಬುವ ಬದಲು, ಊರಿನ ಮಾಮೂಲಿ ಮನೆಗಳನ್ನೇ ಬಾಡಿಗೆಗೆ ಹಿಡಿದು ನಾಲ್ಕೈದು ಜನರಂತೆ ಇಡುವುದು. ಐಸಿಎಸ್ ಎಂಬ ಒಕ್ಕೂಟ ಇಪ್ಪತ್ತು ವರ್ಷಕ್ಕೂ ಮೊದಲಿನಿಂದ ತ್ರಿಯೆಸ್ತೆಯಲ್ಲಿ ಇದನ್ನು ಮಾಡುತ್ತಾ ಬಂದಿದೆ. 2002ರಲ್ಲಿ ಪುರಸಭೆಗಳ ಮೂಲಕ ನಡೆಯುವ ಇಂಥ ವ್ಯವಸ್ಥೆಗೆ ದೇಶದ ಮಟ್ಟದಲ್ಲೂ ಕಾನೂನಿನ ಮುದ್ರೆ ಬಿತ್ತು. ಸಾಮಾಜಿಕ ಕಾರ್ಯಕರ್ತರು ವಾರ ವಾರ ಬರುತ್ತಾರೆ, ಡಾಕ್ಟರ ಹತ್ತಿರ ಕರೆದೊಯ್ಯುತ್ತಾರೆ, ಆಯೋಗದ ಮುಂದೆ ಏನು ಕೇಳುತ್ತಾರೆ ಅಂತ ತಯಾರಿ ಮಾಡಿಸುತ್ತಾರೆ.

ಆದರೆ 2023ರಲ್ಲಿ ಬಂದ ಹೊಸ ಕಾನೂನು ಆಶ್ರಯ ಕೇಳಿದವರಲ್ಲಿ ಹೆಚ್ಚಿನವರನ್ನು ಆ ಪುರಸಭೆ ವ್ಯವಸ್ಥೆಯಿಂದ ಹೊರಗಿಟ್ಟಿತು. ಅವರಿಗೆ ಉಳಿದದ್ದು "ತುರ್ತು" ಕೇಂದ್ರಗಳು. ಆ ಕೇಂದ್ರಗಳ ಖರ್ಚಿನ ಪಟ್ಟಿಯಿಂದ ಇಟಾಲಿಯನ್ ಭಾಷೆಯ ಪಾಠ, ಕಾನೂನು ಸಲಹೆ, ಮನೋವೈದ್ಯರ ನೆರವು ಎಲ್ಲವನ್ನೂ ತೆಗೆದರು. ಕೈಖರ್ಚಿಗೆ ದಿನಕ್ಕೆ ಎರಡೂವರೆ ಯೂರೋ. ಇದನ್ನು ಕೇಳಿ ನನಗೆ ನಿಜಕ್ಕೂ ಸಿಟ್ಟು ಬಂತು. ಭಾಷೆ ಕಲಿಸದೆ ಒಬ್ಬನನ್ನು ವರ್ಷಗಟ್ಟಲೆ ಕೂರಿಸಿ, ಆಮೇಲೆ ಇವರು ನಮ್ಮ ಜೊತೆ ಬೆರೆಯೋದಿಲ್ಲ ಅಂತ ದೂರುವುದು ಯಾವ ನ್ಯಾಯ? ಆ ಹುಡುಗರಿಗೆ ಸಂಜೆ ಪಾಠ ಹೇಳುತ್ತಿದ್ದದ್ದು ಒಬ್ಬ ನಿವೃತ್ತ ಶಾಲಾ ಮೇಡಂ, ಸಂಬಳ ಇಲ್ಲದೆ.

ವಾಪಸ್ ಬರುವಾಗ ಸ್ವಯಂಸೇವಕಿ ಸಾನ್ ಜೊವಾನ್ನಿ ಪಾರ್ಕಿನ ಮೂಲಕ ಕರೆತಂದರು. ಈಗ ಗುಲಾಬಿ ತೋಟ ಇರುವ ಈ ಗುಡ್ಡ ಹಿಂದೆ ದೊಡ್ಡ ಮಾನಸಿಕ ಆಸ್ಪತ್ರೆ. ಸಾವಿರಕ್ಕೂ ಹೆಚ್ಚು ರೋಗಿಗಳು ಗೋಡೆಯೊಳಗಿದ್ದರು. 1971ರಲ್ಲಿ ನಿರ್ದೇಶಕರಾಗಿ ಬಂದ ಫ್ರಾಂಕೊ ಬಸಾಲ್ಯಾ ಬಾಗಿಲು ತೆರೆದರು. ರೋಗಿಗಳನ್ನು ಊರೊಳಗಿನ ಮನೆಗಳಿಗೆ ಕಳಿಸಿದರು, ಬಡಾವಣೆಗೊಂದು ಚಿಕಿತ್ಸಾ ಕೇಂದ್ರ ಮಾಡಿದರು. 1978ರಲ್ಲಿ ಇಟಲಿಯ ಎಲ್ಲ ಮಾನಸಿಕ ಆಸ್ಪತ್ರೆಗಳನ್ನೂ ಮುಚ್ಚುವ ಕಾನೂನು ಬರೋದಕ್ಕೆ ಇದೇ ಕಾರಣವಾಯಿತು. ಜನರನ್ನು ಕೂಡಿಹಾಕಬೇಡಿ, ಮನೆ ಕೊಡಿ, ಜೊತೆಗೊಬ್ಬರು ಇರಲಿ ಅನ್ನುವ ಪಾಠವನ್ನು ಈ ಊರು ಐವತ್ತು ವರ್ಷದ ಹಿಂದೆಯೇ ಕಲಿತಿದೆ. ಮೂರನೇ ಮಹಡಿಯ ಆ ಅಡುಗೆಮನೆ ಅದೇ ಪಾಠದ ಮುಂದುವರಿಕೆ ಅನ್ನಿಸಿತು.

ಶನಿವಾರ

ಸ್ಟೇಷನ್ ಪಕ್ಕದಲ್ಲೇ ಸಿಲೋಸ್ ಅನ್ನೋ ಉದ್ದನೆಯ ಕಟ್ಟಡ ಇದೆ. ಹತ್ತೊಂಬತ್ತನೇ ಶತಮಾನದ ಧಾನ್ಯದ ಗೋದಾಮು. ಮುಂದಿನ ಭಾಗ ಈಗ ಬಸ್ ನಿಲ್ದಾಣ, ಕಾರ್ ಪಾರ್ಕಿಂಗ್. ಹಿಂದಿನ ಭಾಗ ಪಾಳು. ಹಾಸಿಗೆ ಸಿಗದವರು ವರ್ಷಗಟ್ಟಲೆ ಆ ಪಾಳಿನಲ್ಲೇ, ಕೆಸರು ಮತ್ತು ಇಲಿಗಳ ನಡುವೆ ಟೆಂಟ್ ಹಾಕಿಕೊಂಡಿದ್ದರು. 2024ರ ಜೂನ್ 21ರಂದು ಅದನ್ನು ತೆರವು ಮಾಡಿ, ಅಲ್ಲಿದ್ದವರನ್ನು ಬೇರೆ ಪ್ರಾಂತ್ಯದ ಕೇಂದ್ರಗಳಿಗೆ ಕಳಿಸಿದರು. ಅಂದರೆ ಮನಸ್ಸು ಮಾಡಿದರೆ ಒಂದೇ ದಿನದಲ್ಲಿ ಜಾಗ ಸಿಗುತ್ತದೆ! ಆದರೆ ಮರುದಿನ ಬಂದವರಿಗೆ ಸಿಲೋಸ್ ಕೂಡ ಇರಲಿಲ್ಲ.

ಇದೇ ಸಿಲೋಸ್‌ನಲ್ಲಿ ಯುದ್ಧದ ನಂತರ ಇಟಲಿಯವರೇ ನಿರಾಶ್ರಿತರಾಗಿ ಬದುಕಿದ್ದರು. ಇಸ್ಟ್ರಿಯಾ ಮತ್ತು ಡಾಲ್ಮೇಷಿಯಾ ಯುಗೊಸ್ಲಾವಿಯದ ಪಾಲಾದಾಗ ಲಕ್ಷಗಟ್ಟಲೆ ಜನ ಊರು ಬಿಟ್ಟು ಬಂದರು. ಹಲಗೆ, ರಟ್ಟು ಅಡ್ಡ ಹಾಕಿಕೊಂಡು ಸಂಸಾರಗಳು ಇಲ್ಲಿ ದಿನ ದೂಡಿದವು. ಗುಡ್ಡದ ಮೇಲಿನ ಪದ್ರಿಚಾನೊದಲ್ಲಿ ಅವರಿಗಾಗಿ ಕಟ್ಟಿದ್ದ ಕ್ಯಾಂಪು ಈಗ ವಸ್ತುಸಂಗ್ರಹಾಲಯ. ಮಧ್ಯಾಹ್ನ ಅಲ್ಲಿಗೆ ಹೋದೆ. ಕಬ್ಬಿಣದ ಮಂಚ, ಟ್ರಂಕು, ಗೋಡೆಗೆ ಮೊಳೆ ಹೊಡೆದು ನೇತುಹಾಕಿದ ಪಾತ್ರೆ. 1956ರ ಭಾರೀ ಚಳಿಯಲ್ಲಿ ಇಲ್ಲಿ ಒಂದು ಎಳೇ ಕೂಸು ಸತ್ತಿತು.

ಜೊತೆಗಿದ್ದ ಸ್ವಯಂಸೇವಕಿಯ ಅಮ್ಮ ಇಂಥದೇ ಕ್ಯಾಂಪಿನಲ್ಲಿ ಬೆಳೆದವರಂತೆ. ನಿಮ್ಮ ಕಡೆ ಹೇಗೆ ಅಂತ ಅವರು ಕೇಳಿದರು. ನಮ್ಮ ದೇಶ 1951ರ ನಿರಾಶ್ರಿತರ ಒಪ್ಪಂದಕ್ಕೆ ಸಹಿ ಹಾಕಿಲ್ಲ, ಅದಕ್ಕೊಂದು ಪ್ರತ್ಯೇಕ ಕಾನೂನೂ ಇಲ್ಲ ಅಂದೆ. ಹಾಗೇ ಬೈಲಕುಪ್ಪೆಯ ಬಗ್ಗೆಯೂ ಹೇಳಿದೆ. ಆಗಿನ ಮೈಸೂರು ರಾಜ್ಯ 1960ರ ಸುಮಾರಿಗೆ ಟಿಬೆಟಿನವರಿಗೆ ಅಲ್ಲಿ ಜಮೀನು ಕೊಟ್ಟಿತು, ಆಮೇಲೆ ಮುಂಡಗೋಡಿನಲ್ಲೂ ಕೊಟ್ಟಿತು. ಅವರು ಕಾಡು ಕಡಿದು ಜೋಳ ಬೆಳೆದರು, ಅವರ ಮೊಮ್ಮಕ್ಕಳು ಈಗ ಕನ್ನಡ ಮಾತಾಡುತ್ತಾರೆ. ಕಾನೂನು ಇಲ್ಲದ ನಮ್ಮಲ್ಲಿ ಆಗ ಜಾಗ ಸಿಕ್ಕಿತು, ಇಷ್ಟು ಕಾನೂನು ಇರುವ ಇಲ್ಲಿ ಯಾಕೆ ಸಿಗಬಾರದು ಅಂತ ಇಬ್ಬರೂ ದಾರಿಯುದ್ದಕ್ಕೂ ಮಾತಾಡಿಕೊಂಡು ಬಂದೆವು.

ಭಾನುವಾರ

ಬೆಳಿಗ್ಗೆ ಹುಡುಗನ ಮೆಸೇಜು. ಫೆರ್ನೆತ್ತಿ ಗಡಿಯ ಹತ್ತಿರ ಕಾಸಾ ಮಲಾಲಾ ಅನ್ನುವ ಕೇಂದ್ರವಿದೆ, ಮಲಾಲಾ ಯೂಸುಫ್‌ಝಾಯಿ ಹೆಸರಿನದು. ಅಲ್ಲಿ ಅವನಿಗೆ ಹಾಸಿಗೆ ಸಿಕ್ಕಿತ್ತು. ಮಂಚದ ಫೋಟೋ ಕಳಿಸಿದ್ದ, ಹೊಸ ಬೆಡ್‌ಶೀಟ್ ಮೇಲೆ ಆ ಪ್ಲಾಸ್ಟಿಕ್ ಚೀಲ. ಮುಂದೆ ಯಾವ ಊರಿಗೆ ಕಳಿಸುತ್ತಾರೋ ಅವನಿಗೆ ಗೊತ್ತಿಲ್ಲ. ಬಾಜಿ, ಬಿಸಿನೀರು ಬರುತ್ತೆ ಇಲ್ಲಿ ಅಂತ ಬರೆದಿದ್ದ. ಕಾಲಿನ ಬ್ಯಾಂಡೇಜು ಒದ್ದೆ ಮಾಡ್ಕೋಬೇಡ ಅಂತ ಉತ್ತರ ಕಳಿಸಿದೆ.

ಈ ಸಂಸ್ಥೆಗೆ ನಮ್ಮ ಕಡೆಯಿಂದ ಬರುವವರಿಗೆ ಒಂದೆರಡು ಮಾತು. ಚೌಕದಲ್ಲಿ ಯಾವಾಗಲೂ ಬೇಕಾಗಿರೋದು ಗಂಡಸರ ಶೂ, 41ರಿಂದ 43ರ ಸೈಜು, ಹಳೆಯದಾದರೂ ಗಟ್ಟಿ ಇದ್ದರೆ ಸಾಕು. ದಪ್ಪ ಸಾಕ್ಸು, ಬೆನ್ನಿಗೆ ಹಾಕುವ ಬ್ಯಾಗು, ಮಲಗುವ ಚೀಲ, ಪವರ್ ಬ್ಯಾಂಕ್ ಕೂಡ ಬೇಕು. ಎಲ್ಲಕ್ಕಿಂತ ಹೆಚ್ಚಾಗಿ ಉರ್ದುವೋ ಹಿಂದಿಯೋ ಬರುವವರು ಬೇಕು. ಬೀದರ್, ಕಲಬುರಗಿ, ವಿಜಯಪುರದವರ ಮಾತು ಅಲ್ಲಿ ಚೆನ್ನಾಗಿ ನಡೆಯುತ್ತದೆ. ಬಂದು ಕೈಜೋಡಿಸೋಕೆ ಯಾರ ಅನುಮತಿಯೂ ಬೇಡ. ಫೋಟೋ ಮಾತ್ರ ಮೊದಲು ಕೇಳಿ ಆಮೇಲೆ ತೆಗೆಯಿರಿ, ಮುಖ ಬೇಡವೇ ಬೇಡ. ಸಂಜೆ ಪಾಠ ಮುಗಿದ ಮೇಲೆ 6ನೇ ನಂಬರ್ ಬಸ್ ಹತ್ತಿ ಸ್ಟೇಷನ್ ಹತ್ತಿರ ಇಳಿದರೆ ಎದುರಿಗೇ ಚೌಕ.